ಕುಂಟುವ ಹಕ್ಕಿಯ ಹಿಂದೆ

ಅಕ್ಕಾ,

ನೀನು ಹೋದ ಮೇಲೆ ನಿನ್ನ ಕ್ಯಾಮೆರಾ ನನ್ನ ಹೆಗಲೇರಿತು. ಆದ ಖರ್ಚು: ಎರಡು ಜೊತೆ ಚಪ್ಪಲಿ, ಒಂದು ಮೊಣಕಾಲು, ಮಳೆಗಾಲದಿಂದ ಬೇಸಿಗೆವರೆಗಿನ ಅಷ್ಟೂ ಭಾನುವಾರಗಳು. ಮರಳಿನಲ್ಲಿ ಮೊಟ್ಟೆಯಿಡುವ ಆ ಪುಟ್ಟ ಹಕ್ಕಿಯ ಗೂಡಿನ ಚಿತ್ರಕ್ಕೆಂದು ನೀನು ಆಲ್ಬಮ್ಮಿನಲ್ಲಿ ಖಾಲಿ ಬಿಟ್ಟಿದ್ದ ಪುಟವನ್ನು ತುಂಬಿಸಬೇಕಿತ್ತು.

ಇವತ್ತು ಬೆಳಿಗ್ಗೆ ದಂಡೆಯಲ್ಲಿ ಆ ಹಕ್ಕಿ ಸಿಕ್ಕಿತು. ಒಂದು ರೆಕ್ಕೆಯನ್ನು ನೆಲಕ್ಕೆ ಎಳೆಯುತ್ತ, ಕೂಗುತ್ತ ಕುಂಟುತ್ತಿತ್ತು. ಪಾಪ ಅನ್ನಿಸಿತು. ಹಿಡಿದು ಆಸ್ಪತ್ರೆಗೆ ಒಯ್ಯೋಣವೆಂದು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿಕೊಂಡು ಅದರ ಹಿಂದೆ ನೂರು ಹೆಜ್ಜೆ ಓಡಿದೆ. ಆಮೇಲೆ ಅದು ಸುಮ್ಮನೆ ಹಾರಿಹೋಯಿತು.

ಬಲೆ ಒಣಗಿಸುತ್ತಿದ್ದ ಮೀನುಗಾರ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನ್ ಯಜಮಾನ್ರೇ, ಊರಿಗೆಲ್ಲ ಟೋಪಿ ಹಾಕೋರು ನೀವು, ಹಿಡಿಯಷ್ಟಿರೋ ಹಕ್ಕಿ ನಿಮಗೇ ಹಾಕ್ತಲ್ಲ! ಗೂಡು ನಿಮ್ಮ ಕಾಲ ಹತ್ರಾನೇ ಇತ್ತು. ನಿಮ್ಮನ್ನ ಸಾಗಹಾಕೋಕೆ ಕುಂಟಿದ್ದು ಅದು."

ಅಂಗಡಿಗೆ ಬಂದ ಗಿರಾಕಿಯ ಮುಖ ನೋಡಿಯೇ ಮನಸ್ಸು ಓದುತ್ತೇನೆಂದು ಕೊಚ್ಚಿಕೊಳ್ಳುವವನು ನಾನು. ನೋವಿದೆ ಎಂದು ಹಕ್ಕಿ ಹೇಳಿತು, ನಂಬಿದೆ. ಹೋದ ವರ್ಷ ಕೊನೆಯ ಸಲ ಫೋನಿನಲ್ಲಿ ನೀನು, "ನಂಗೇನಾಗಿದ್ಯೋ, ಚೆನ್ನಾಗೇ ಇದೀನಿ, ನೀನು ಅಂಗಡಿ ನೋಡ್ಕೋ" ಎಂದೆ. ಅದನ್ನೂ ನಂಬಿದೆ.

ಗೂಡು ಹುಡುಕಲು ತಿರುಗಿ ಹೋಗಲಿಲ್ಲ. ಬಿಸಿಲೇರುತ್ತಿತ್ತು, ತಾಯಿ ಬಂದು ಕೂರದಿದ್ದರೆ ಮೊಟ್ಟೆ ಬೆಂದುಹೋಗುತ್ತಿದ್ದವು.

ಹಕ್ಕಿಗೆ ಅದರ ಮೊಟ್ಟೆಗಳು ಉಳಿದವು. ಮೀನುಗಾರನಿಗೆ ವಾರಕ್ಕಾಗುವಷ್ಟು ನಗು ಸಿಕ್ಕಿತು. ನನಗೆ, ಅದು ಹಾರುವಾಗ ಕ್ಲಿಕ್ಕಿಸಿದ ಬಾಲದ ಮಸುಕು ಚಿತ್ರವೊಂದು. ನಿನ್ನ ಪಾಲಿಗೆ ಈ ಪತ್ರ, ಅದೂ ನನ್ನ ಮೇಜಿನ ಖಾನೆಯಲ್ಲೇ ಇರುತ್ತದೆ.