ಸಂಜೆ ಏಳರ ಸೊನ್ನೆ

ಶುಗರ್ ಲ್ಯಾಂಡ್
ಮಾರ್ಚ್ ೧೨

ಡಾ. ಹರ್ಷಿಣಿ ಅವರಿಗೆ ನಮಸ್ಕಾರ.

ಆಘಾತ ಕಂಡವರ ದಿನನಿತ್ಯದ ಬದುಕಿನ ಬಗ್ಗೆ ಆಸ್ಟಿನ್‌ನಲ್ಲಿ ನೀವು ನಡೆಸುತ್ತಿರುವ ಅಧ್ಯಯನದಲ್ಲಿ ನಾನೂ ಒಬ್ಬಳು. ನನ್ನ ಉತ್ತರಗಳನ್ನು ಹೆಸರು ತೆಗೆದು ಬೇರೆ ಸಂಶೋಧಕರಿಗೆ ಕೊಡಲು ಒಪ್ಪಿಗೆ ಕೇಳಿದ್ದೀರಿ. ಸಹಿ ಮಾಡಿದ್ದೇನೆ. ಆದರೆ ಕೊಡುವ ಮೊದಲು ಒಂದು ಸುಳ್ಳನ್ನು ಸರಿಪಡಿಸಬೇಕು.

'ಈಗ ಎಷ್ಟು ಭಯವಿದೆ, ಸೊನ್ನೆಯಿಂದ ಹತ್ತರೊಳಗೆ ಹೇಳಿ' ಎಂದು ನಿಮ್ಮ ಆ್ಯಪ್ ದಿನಕ್ಕೆ ಐದು ಸಲ ಕೇಳುತ್ತಿತ್ತು. ಸಂಜೆ ಏಳರ ಪ್ರಶ್ನೆಗೆ ಮೂವತ್ತು ದಿನವೂ ನಾನು ಸೊನ್ನೆ ಒತ್ತಿದ್ದೇನೆ. ನನ್ನ ಗಂಡ ಶ್ರೀಕರ್ ಅಪಘಾತದಲ್ಲಿ ಹೋದರೆಂದು ಡಲ್ಲಾಸ್‌ನಿಂದ ಫೋನ್ ಬಂದದ್ದು ಅದೇ ಹೊತ್ತಿಗೆ. ಈಗಲೂ ಏಳಕ್ಕೆ ಫೋನ್ ಸದ್ದಾದರೆ ಮತ್ತೆ ಅದೇ ಕರೆ ಎನಿಸುತ್ತದೆ. ಆದರೆ ಆಗಲೇ ನಮ್ಮತ್ತೆ ದೇವರ ಮುಂದೆ ದೀಪ ಹಚ್ಚುತ್ತಾರೆ. ಮೊದಲ ದಿನ ನಾನು ಒಂಬತ್ತು ಒತ್ತಲು ಹೋದದ್ದನ್ನು ನೋಡಿ, ಅದೇನೆಂದು ಕೇಳಿ ತಿಳಿದು, "ದೀಪಾ ಹಚ್ಚೋ ಹೊತ್ತಿನ್ಯಾಗ ಕೆಟ್ಟದ್ದು ಅನಬಾರದವಾ" ಎಂದರು. ಮಗನನ್ನು ಕಳೆದುಕೊಂಡವರು. ನಾನು ಸೊನ್ನೆ ಒತ್ತಿದೆ.

ಆ ಸೊನ್ನೆಗಳನ್ನು ಅಳಿಸಬೇಡಿ. ಅದು ದೀಪ ಹಚ್ಚುವ ಹೊತ್ತು ಎಂದು ಪಕ್ಕದಲ್ಲಿ ಬರೆಯಿರಿ. ಸಂಜೆಯಾದರೆ ನನಗೆ ಸಮಾಧಾನವಾಗುತ್ತದೆ ಎಂದು ಯಾರೂ ತಿಳಿಯಬಾರದು.

ಇನ್ನೊಂದು ವಿನಂತಿ. ನಿನ್ನೆ ಇದನ್ನೆಲ್ಲ ಅತ್ತೆಗೆ ಹೇಳಿದೆ. ಹೊಸೆಯುತ್ತಿದ್ದ ಬತ್ತಿಯನ್ನು ತಟ್ಟೆಯಲ್ಲಿಟ್ಟರು. ಆಮೇಲೆ, "ನನ್ನೂ ಕೇಳ್ತಾರೇನವಾ?" ಎಂದರು.

ದಯವಿಟ್ಟು ಅವರನ್ನೂ ಸೇರಿಸಿಕೊಳ್ಳಿ. ಪ್ರಶ್ನೆಗಳು ಕನ್ನಡದಲ್ಲಿರಲಿ. ಸಂಜೆಯದನ್ನು ಏಳಕ್ಕೇ ಕಳಿಸಿ. ಉತ್ತರ ಒತ್ತಿದ ಮೇಲೆಯೇ ದೀಪ ಹಚ್ಚುತ್ತಾರಂತೆ.

ಇಂತಿ,
ವಸುಧಾ