ಹೆಡ್‌ಫೋನಿನಲ್ಲಿ ತಡವಾಗಿ ಬಂದ ದನಿ

ಶನಿವಾರ, 14 ಜೂನ್ 2025, ಆವತಿ

ಥೈರಾಯ್ಡ್ ಆಪರೇಷನ್ ಆದ್ಮೇಲೆ ಗೆಳತಿ ಖುಷ್ನುಮಾ ಇವತ್ತೇ ಮೊದಲ ಸಲ ನಮ್ಮನೆಗೆ ಹಾಡೋಕೆ ಬಂದಿದ್ಲು. ಎರಡು ಸಾಲು ಹಾಡಿ ಹೆಡ್‌ಫೋನ್ ಕಿತ್ತಿಟ್ಲು. "ತಾಳ ಸಿಗ್ತಿಲ್ಲ ಕಣೇ ಮೋನಿ. ಗಂಟಲ ಜೊತೆ ಅದೂ ಹೋಯ್ತು."

ತಪ್ಪು ಅವಳದ್ದಲ್ಲ. ಮೈಕಿಗೆ ಹಾಡಿದ್ದು ನನ್ನ ಹಳೇ ಲಿನಕ್ಸ್ ಲ್ಯಾಪ್‌ಟಾಪ್ ದಾಟಿ ಅವಳ ಕಿವಿಗೆ ತಡವಾಗಿ ಬರ್ತಿತ್ತು. ಹೇಳಿದ್ರೆ, ಸಮಾಧಾನಕ್ಕೆ ಹೇಳ್ತಿದೀನಿ ಅಂದ್ಕೊಂಡ್ಲು. ಪಕ್ಕದಲ್ಲೇ ಕೂರಿಸ್ಕೊಂಡು ವೈಫೈ ಆಫ್ ಮಾಡಿದೆ, ಬ್ಯಾಟರಿ ಉಳಿಸೋ ಸೆಟ್ಟಿಂಗ್ ತೆಗೆದೆ, ಮಿಕ್ಕ ಕೆಲಸಕ್ಕಿಂತ ಆಡಿಯೋ ಮುಂದೆ ಇರೋ ಹಾಗೆ ಮಾಡಿದೆ. ದನಿಯನ್ನ ಸ್ವಲ್ಪ ಹಿಡಿದಿಟ್ಟು ಕಳಿಸೋ ಬಫರ್ 1024 ಇತ್ತು, ತಡ ಆಗ್ತಿದ್ದಿದ್ದು ಅದ್ರಿಂದ್ಲೇ. 64ಕ್ಕೆ ಇಳಿಸಿದ್ರೆ ಒಗ್ಗರಣೆ ಸಾಸಿವೆ ಥರ ಚಟಪಟ. 128ರಲ್ಲಿ ಆ ಸದ್ದು ನಿಂತಿತು.

"ಈಗ ಹೆಡ್‌ಫೋನ್ ಹಾಕ್ಕೊಂಡು ಮೈಕ್ ಮುಂದೆ ಚಪ್ಪಾಳೆ ತಟ್ಟು" ಅಂದೆ. ತಟ್ಟಿದ್ಲು. ಕೈ ಸೇರಿದ ತಕ್ಷಣ ಕಿವೀಲೂ ಕೇಳಿಸ್ತು. ಆಗ ನಂಬಿದ್ಲು.

ಮೇಲೆ ವಿಮಾನ ಹೋಗೋವರೆಗೂ ಕಾದು ರೆಕಾರ್ಡ್ ಒತ್ತಿದೆ. ತಾಳ ಎಲ್ಲೂ ತಪ್ಪಲಿಲ್ಲ. ಚರಣದಲ್ಲಿ ಬರೋ ಮೇಲಿನ ಸ್ವರ ಮಾತ್ರ ಒಡೆದು ಬರೀ ಗಾಳಿಯಾಯ್ತು. ಮತ್ತೆ ಹಾಡಿದ್ರೂ ಹಾಗೇ.

"ಇದೂ ಕಂಪ್ಯೂಟರ್ದೇನಾ?" ಅಂದ್ಲು.

ಹೌದು ಅನ್ನೋ ಮಾತು ಬಾಯಿವರೆಗೂ ಬಂದಿತ್ತು. "ಇಲ್ಲ ಕಣೇ" ಅಂದೆ.

ಅವಳ ಮುಖ ನೋಡೋಕಾಗದೆ ನಾನು ಸ್ಕ್ರೀನ್ ನೋಡ್ತಿದ್ದೆ. ಅವಳು ನೀರು ಕುಡಿದು, "ಹಂಗಾದ್ರೆ ಶ್ರುತಿ ಎರಡು ಮನೆ ಇಳಿಸು. ಅಲ್ಲಿಂದ ಹಾಡ್ತೀನಿ" ಅಂದ್ಲು.

ಹಾಡಿದ್ಲು, ಕೊನೇವರೆಗೂ. ಈಗ ಅದನ್ನೇ ಕೇಳ್ತಿದೀನಿ. ಹಳೇ ಖುಷ್ನುಮಾ ದನಿ ಅಲ್ಲ ಇದು. ಇನ್ನೂ ಪರಿಚಯ ಆಗ್ಬೇಕು. ಇನ್ನೊಂದೇ ಒಂದು ಸಲ ಕೇಳಿ ಮಲಗ್ತೀನಿ.