ಹತ್ತು ಲಕ್ಷದ ಸಾಕ್ಷಿ

ಅಕ್ಕಾ,

ನಿನ್ನ ತಮ್ಮ ಎದ್ದು ನಿಂತು ಪ್ರಾರ್ಥನೆ ಶುರು ಮಾಡಿದರೆ ಹುನಗುಂದದಿಂದ ಬಾದಾಮಿಯವರೆಗಿನ ದೆವ್ವಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಮಲಪ್ರಭಾ ದಾಟುತ್ತವೆ. ಐಹೊಳೆಯಲ್ಲಿ ನನ್ನ ಒಂದು ಆಮೆನ್‌ಗೆ ಗುಡಿಯ ಕಂಬ ಅಲುಗಾಡಿದ್ದನ್ನು ಕಂಡವರಿದ್ದಾರೆ. ಇಷ್ಟು ಓದಿ ಸೆರಗಿನಿಂದ ಬಾಯಿ ಮುಚ್ಚಿಕೊಂಡೆಯಲ್ಲ? ನಗುವುದಿದ್ದರೆ ಈಗಲೇ ನಕ್ಕುಬಿಡು. ಮುಂದಿನದು ನಿನ್ನ ಮಗನ ಮಾತು.

ಇಳಕಲ್ಲಿನ ನಿಮ್ಮ ಮನೆಯ ಪ್ರಾರ್ಥನಾ ಕೂಟದಲ್ಲಿ ನಾನು ಸಾಕ್ಷಿ ಹೇಳುತ್ತಿದ್ದದ್ದು ನೆನಪಿದೆಯೇ? ಇಸ್ಪೀಟಿನಲ್ಲಿ ಹತ್ತು ಲಕ್ಷ ಕಳೆದೆ, ಒಂದು ಹನಿ ಕಣ್ಣೀರು ಹಾಕಲಿಲ್ಲ, ದೇವರು ಒಂದೇ ಏಟಿಗೆ ಎತ್ತಿ ನಿಲ್ಲಿಸಿದ ಎಂದು. ಸಾಕ್ಷಿ ದೊಡ್ಡದಾದಷ್ಟೂ ದೇವರೂ ದೊಡ್ಡವನಾಗಿ ಕಾಣುತ್ತಾನೆ ಎಂಬುದು ನನ್ನ ಲೆಕ್ಕ. ಜನ ಸ್ತೋತ್ರ ಸ್ತೋತ್ರ ಅನ್ನುತ್ತಿದ್ದರು. ಗೋಡೆಗೆ ಒರಗಿ ಕೂತ ನಿನ್ನ ಆನಂದ ಎಲ್ಲವನ್ನೂ ನಂಬುತ್ತಿದ್ದ. ನಂಬಿ ಅದನ್ನು ತನ್ನ ಎದೆಯ ಮೇಲೆ ಕಲ್ಲಿನಂತೆ ಹೇರಿಕೊಳ್ಳುತ್ತಾನೆಂದು ನನಗೇನು…

ಹೋದ ತಿಂಗಳು ಒಂದು ಮಧ್ಯಾಹ್ನ ನಿನ್ನ ಸೊಸೆ ಸುಶೀಲಾ ಫೋನ್ ಮಾಡಿದಳು. ಆನಂದ ಸರಿಯಾಗಿ ಉಂಡು ಎಷ್ಟೋ ದಿನವಾಯಿತು, ಈಗ ಹಳೆಯ ಕ್ವಾರಿ ಕಡೆ ಹೋಗಿದ್ದಾನೆ, ಫೋನ್ ಎತ್ತುತ್ತಿಲ್ಲ ಎಂದಳು. ಓಡಿದೆ. ಕೆಂಪು ಕಲ್ಲು ತೆಗೆದು ಬಿಟ್ಟ ಆ ಗುಂಡಿ ನಿನಗೆ ಗೊತ್ತು, ಕೆಳಗೆ ನೀರು ನಿಂತಿದೆ. ಅವನು ಅಂಚಿನಲ್ಲಿ ಕೂತಿದ್ದ. ಚಪ್ಪಲಿ ಪಕ್ಕಕ್ಕೆ ಬಿಟ್ಟಿದ್ದ. ಹತ್ತಿರ ಹೋಗಲು ಧೈರ್ಯ ಸಾಲದೆ ನಾನೂ ಸ್ವಲ್ಪ ದೂರದಲ್ಲೇ ಕುಕ್ಕರಿಸಿದೆ.

ಅವನು ತಿರುಗದೆಯೇ ಹೇಳಿದ. ಹೆಂಡತಿಯ ಬಂಗಾರವೆಲ್ಲ ಮೊಬೈಲಿನ ಜೂಜಿನಲ್ಲಿ ಹೋಗಿತ್ತು, ಅವಳಿಗಿನ್ನೂ ಗೊತ್ತಿರಲಿಲ್ಲ. ನಾನು ರೂಢಿಯಂತೆ ನನ್ನ ಹತ್ತು ಲಕ್ಷ ಎತ್ತಿದೆ.

"ಬಿಡ್ರಿ ಮಾವಾ. ಅಷ್ಟು ಹೋದ್ರೂ ನೀವು ಅಳಲಿಲ್ಲ. ದೇವ್ರು ನಿಮ್ಮಂಥಾ ಗಟ್ಟಿ ಮಂದೀ ಹಂತ್ಯಾಕ ಬರ್ತಾನ. ನನ್ನ ಕಡೆ ಯಾರೂ ಬರಲಿಲ್ಲ."

ಹಾಗೆಂದು ಮುಂದಕ್ಕೆ ಜರುಗಿದ ಅಕ್ಕಾ. ನನ್ನೊಳಗೆ ಹುಡುಕಿದೆ, ಖರೆ ಅನ್ನುವಂಥದ್ದು ಏನಾದರೂ ಉಂಟೇ ಎಂದು.

ಸಿಕ್ಕಿದ್ದು ಒಂದೇ ಒಂದು ಸಂಜೆ. ಗುಡೂರಿನಲ್ಲಿ ಆಡಿ ಸೋತು ಮನೆಗೆ ಬಂದಿದ್ದೆ. ಬಸ್ ನಿಲ್ದಾಣದಲ್ಲಿ ಕಿಸೆ ಕತ್ತರಿಸಿದರು ಎಂಬ ಸುಳ್ಳು ನಾಲಿಗೆಯ ತುದಿಯಲ್ಲಿತ್ತು. ನನ್ನಾಕೆ ಮಾರ್ಥಾ ರೊಟ್ಟಿ ಬಡಿಸಿ, ದುಡ್ಡು ಎಲ್ಲಿ ಎಂದಳು. ಬಾಯಿ ತೆರೆದರೆ ಬಂದದ್ದು ನಿಜ. ಆ ಸುಳ್ಳನ್ನು ಯಾರು ತೆಗೆದುಕೊಂಡು ಹೋದರು? ಇಷ್ಟು ವರ್ಷ ಅದನ್ನು ಅವಮಾನವೆಂದು ಮುಚ್ಚಿಟ್ಟಿದ್ದೆ. ದೇವರು ನನ್ನೊಳಗೆ ಕೈಯಿಟ್ಟದ್ದು ಅಲ್ಲೇ ಎಂದು ತಿಳಿಯಲು ನಿನ್ನ ಮಗ ಆ ಅಂಚಿನಲ್ಲಿ ಕೂರಬೇಕಾಯಿತೇ?

"ನಾ ಅತ್ತೇನಿ ಆನಂದಾ," ಎಂದೆ. "ನಿಮ್ಮತ್ತಿ ಮುಂದ, ರೊಟ್ಟಿ ತಾಟಿನ್ಯಾಗ ಅತ್ತೇನಿ. ನನ್ನ ಬಾಯಾಗಿಂದ ಖರೆ ಬಂತು ಅಂದ್ರ ಅದು ನನ್ನ ಕೆಲಸ ಅಲ್ಲಪಾ. ಈಗ ನೀನೂ ನಂಗ ಖರೆ ಹೇಳಿದಿ. ಹೇಳಿಸಿದಾಂವ ಯಾರು? ಯಾರೂ ಬಂದಿಲ್ಲ ಅಂತ ಹೆಂಗ ಅಂತಿ?"

ಅವನು ನನ್ನ ಕಡೆ ತಿರುಗಿದ.

"ಖರೇನ ಎಷ್ಟು ಹೋಗಿತ್ತು ಮಾವಾ?"

ಹೇಳಿದೆ. ಅವನು ನನ್ನ ಮುಖವನ್ನೇ ನೋಡಿದ. ಕಾಲು ಹಿಂದಕ್ಕೆ ಎಳೆದುಕೊಂಡು ಚಪ್ಪಲಿ ಹುಡುಕಿದ. ಮನೆ ಮುಟ್ಟುವವರೆಗೂ ನಾನು ಅವನ ಅಂಗಿ ಬಿಡಲಿಲ್ಲ.

ಸುಶೀಲಾಗೆ ಅವನೇ ಹೇಳಿದ, ನಿನಗೆ ಹೇಳುವುದನ್ನು ನನಗೆ ಬಿಟ್ಟ. ಅವಳು ಇನ್ನೂ ಸರಿಯಾಗಿ ಮಾತನಾಡುತ್ತಿಲ್ಲ, ಆದರೆ ಮನಸ್ಸಿನ ಡಾಕ್ಟರನ್ನು ಕಾಣಲು ದವಾಖಾನೆಗೆ ಅವನ ಜೊತೆ ಅವಳೇ ಹೋಗುತ್ತಾಳೆ. ಈ ಭಾನುವಾರ ನಿಮ್ಮ ಮನೆಯಲ್ಲೇ ಕೂಟ. ನಾನು ಇದ್ದದ್ದು ಇದ್ದಂತೆ ಸಾಕ್ಷಿ ಹೇಳುತ್ತೇನೆ, ಸ್ತೋತ್ರ ಕಡಿಮೆ ಬಿದ್ದರೆ ಬೀಳಲಿ. ಜನರಿಗಿಂತ ಮೊದಲು ನೀನು ಕೇಳು. ಗುಡೂರಿನಲ್ಲಿ ನಾನು ಕಳೆದದ್ದು ಆರು ನೂರಾ ನಲವತ್ತು ರೂಪಾಯಿ.